ತೂಕ ಇಳಿಯುವುದು ನಿಂತಾಗ ಯಾವ ದಾರಿ? ಮಳೆಗಾಲದ ಚಿಕ್ಕಮಗಳೂರಿನಿಂದ ಒಂದು ಹೋಲಿಕೆ

ನನ್ನದು ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಅಂಗಡಿ. ಬೆಳಗಿನಿಂದ ರಾತ್ರಿವರೆಗೆ ತೂಕ ಹಾಕುವುದೇ ಕೆಲಸ. ಕಾಲು ಕೆಜಿ, ಅರ್ಧ ಕೆಜಿ, ಬೀಜ ಇಷ್ಟು, ಚಿಕೋರಿ ಅಷ್ಟು. ಹಾಗಿದ್ದೂ ನನ್ನದೇ ತೂಕ 79 ಕೆಜಿಯಲ್ಲಿ ಏಳು ವಾರ ಕದಲದೆ ಕೂತಾಗ ಮೊದಲು ಅನುಮಾನ ಬಂದದ್ದು ತಕ್ಕಡಿಯ ಮೇಲೆ. ಅಂಗಡಿಯಲ್ಲಿ ಇಪ್ಪತ್ತು ಕೆಜಿ ಬೀಜ ತೂಗಿ, ಚೀಲ ಕಟ್ಟಿ ತಂದು, ಮನೆಯ ತಕ್ಕಡಿ ಮೇಲಿಟ್ಟು ನೋಡಿದೆ. ಸರಿಯಾಗಿ ಇಪ್ಪತ್ತು. ತಕ್ಕಡಿ ಸುಳ್ಳು ಹೇಳುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಶುರು ಮಾಡಿದಾಗ 86 ಇದ್ದೆ. ಶುಗರ್ ಅಂಚಿನಲ್ಲಿದೆ, ತೂಕ ಇಳಿಸಿ ಅಂತ ಡಾಕ್ಟರ್ ಹೇಳಿದ್ದರು. ಜೂನ್ ಹೊತ್ತಿಗೆ 79ಕ್ಕೆ ಬಂದೆ. ಆಮೇಲೆ ಮಳೆ ಹಿಡಿಯಿತು, ತೂಕ ನಿಂತಿತು. ಸಲಹೆಗಳಿಗೆ ಬರ ಇರಲಿಲ್ಲ. ಪಕ್ಕದ ಅಂಗಡಿಯವರು ರಾತ್ರಿ ಊಟ ಬಿಟ್ಟುಬಿಡಿ ಅಂದರು. ಕಡೂರು ಕಡೆಯ ಅತ್ತಿಗೆ 'ಅನ್ನ ಬಿಡು, ಮುದ್ದೆ ತಿನ್ನು' ಅಂದರು. ಜಿಮ್ ಹುಡುಗ 'ಸರ್, ಇದಕ್ಕೆ ಪ್ಲಾಟೋ ಅಂತಾರೆ, ವೇಟ್ಸ್ ಹೊಡೀಬೇಕು' ಅಂದ. ಅಮ್ಮ ಮಾತ್ರ 'ಇನ್ನೆಷ್ಟು ಇಳೀತೀಯೋ, ಕೆನ್ನೆ ಎಲ್ಲ ಒಳಗೆ ಹೋಗಿದೆ' ಅಂತ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಹೆಚ್ಚುಕಡಿಮೆ ಎಲ್ಲರ ಮಾತನ್ನೂ ಸ್ವಲ್ಪ ಸ್ವಲ್ಪ ಕೇಳಿದೆ. ಜೊತೆಗೆ ಓದಿದೆ. ಯಾವುದು ಯಾರಿಗೆ ಹೊಂದುತ್ತದೆ ಅನ್ನುವುದು ಈಗ ಒಂದಷ್ಟು ಗೊತ್ತಾಗಿದೆ. ನಾನು ಡಾಕ್ಟರ್ ಅಲ್ಲ, ಅಂಗಡಿಯವನು. ಹಾಗೇ ಓದಿಕೊಳ್ಳಿ.

ನಿಜವಾಗಿ ನಿಂತಿದೆಯಾ, ಇಲ್ಲ ನೀರಾ?

ಬೆಳೆಗಾರರು ಬೀಜ ತಂದಾಗ ನಾವು ತೂಕಕ್ಕಿಂತ ಮೊದಲು ನೋಡುವುದು ಮಾಯಿಶ್ಚರ್. ಸರಿಯಾಗಿ ಒಣಗಿದ ಬೀಜದಲ್ಲಿ ತೇವ ಹತ್ತು-ಹನ್ನೊಂದು ಪರ್ಸೆಂಟ್ ಇರಬೇಕು. ಅದೇ ಚೀಲವನ್ನು ಜುಲೈನಲ್ಲಿ ಬಾಗಿಲ ಹತ್ತಿರ ಇಟ್ಟರೆ ತೇವ ಎಳೆದುಕೊಂಡು ತೂಕ ಏರುತ್ತದೆ. ಬೀಜ ಮಾತ್ರ ಅಷ್ಟೇ ಇರುತ್ತದೆ. ಈ ಪಾಠ ನನಗೆ ಇಪ್ಪತ್ತು ವರ್ಷದಿಂದ ಗೊತ್ತು. ಮೈಗೂ ಅದೇ ಲೆಕ್ಕ ಅನ್ನುವುದು ಮಾತ್ರ ಹೊಳೆದಿರಲಿಲ್ಲ.

ತಿಂದ ಅನ್ನ-ರೊಟ್ಟಿಯ ಒಂದು ಪಾಲನ್ನು ದೇಹ ಗ್ಲೈಕೋಜನ್ ಆಗಿ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆ ಮಾಡಿದ ಮೊದಲ ಒಂದೆರಡು ವಾರ ತೂಕ ಜರ್ರನೆ ಇಳಿಯುವುದು ಬಹುಪಾಲು ಈ ನೀರು ಹೋಗುವುದರಿಂದ. ಮದುವೆ ಊಟ ಮಾಡಿ ಬಂದ ಮರುದಿನ ಒಂದು ಕೆಜಿ ಏರುವುದೂ ಅದರಿಂದಲೇ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ನೀರು ಹಿಡಿಯುತ್ತದೆ. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದೆರಡು ಕೆಜಿ ಏರಿಳಿಯುವುದು ಮಾಮೂಲು. ಹೊಸದಾಗಿ ವ್ಯಾಯಾಮ ಮಾಡಿ ಮೈಕೈ ನೋವಾದಾಗಲೂ ಸ್ನಾಯುಗಳಲ್ಲಿ ನೀರು ಸೇರುತ್ತದೆ. ದೀಪಾವಳಿಗೆ ದೇವಿರಮ್ಮನ ಬೆಟ್ಟ ಹತ್ತಿ ಬಂದ ಮಾರನೇ ದಿನ ನಾನು ಹಿಂದಿನ ದಿನಕ್ಕಿಂತ ಒಂದು ಕೆಜಿ ಜಾಸ್ತಿ ತೂಗಿದೆ. ಅಷ್ಟು ಹತ್ತಿದ್ದಕ್ಕೆ ದೇವಿ ಕೊಟ್ಟ ಪ್ರಸಾದ ಅಂತ ಹೆಂಡತಿ ನಕ್ಕಳು.

ಹಾಗಾಗಿ ಹತ್ತು ದಿನ ತೂಕ ನಿಂತರೆ ಅದನ್ನು ನಿಂತದ್ದು ಅನ್ನಬೇಡಿ. ದಿನಾ ಬೆಳಗ್ಗೆ ಬಚ್ಚಲಿಗೆ ಹೋಗಿ ಬಂದು, ಕಾಫಿ ಕುಡಿಯುವ ಮೊದಲು ತೂಕ ನೋಡಿ. ಏಳು ದಿನದ್ದು ಕೂಡಿ ಏಳರಿಂದ ಭಾಗಿಸಿ. ಈ ವಾರದ ಸರಾಸರಿಯನ್ನು ನಾಲ್ಕು ವಾರ ಹಿಂದಿನ ಸರಾಸರಿಯ ಪಕ್ಕ ಇಡಿ. ದಿನಾ ನೋಡಿದರೆ ತಲೆ ಕೆಡುತ್ತದೆ ಅನ್ನುವವರು ವಾರಕ್ಕೆ ಒಂದೇ ದಿನ ನೋಡಲಿ, ಆದರೆ ಎರಡು ತಿಂಗಳಾದರೂ ಕಾಯಲಿ. ಜೊತೆಗೆ ದರ್ಜಿಯ ಟೇಪು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾದ ಮೇಲೆ ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಂಡರೆ ಮೋಸ ಯಾರಿಗೆ? ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಿದರೆ ಹೊಟ್ಟೆಯ ಬೊಜ್ಜು ಅಂತ ಲೆಕ್ಕ.

ತೂಕ ನಿಂತಿದ್ದರೂ ಟೇಪು ಇಳಿಯುತ್ತಿದ್ದರೆ ಏನೂ ಬದಲಾಯಿಸಬೇಡಿ. ಸುಮ್ನೆ ಕಾಯುವುದು ಖರ್ಚಿಲ್ಲದ ದಾರಿ, ಆ ಹೊತ್ತಿಗೆ ಅದೇ ಸರಿ. ನನ್ನ ಕತೆ ಹಾಗಿರಲಿಲ್ಲ. ಏಳು ವಾರ ಟೇಪು 96ರಲ್ಲೇ ಇತ್ತು. ನಿಜವಾಗಿಯೇ ನಿಂತಿತ್ತು.

ಯಾಕೆ ನಿಲ್ಲುತ್ತದೆ ಅಂದರೆ, ಮೈ ಹಗುರಾದ ಹಾಗೆ ಅದರ ಖರ್ಚೂ ಇಳಿಯುತ್ತದೆ. ಕೆವಿನ್ ಹಾಲ್ ಅನ್ನುವ ಅಮೆರಿಕದ ಸಂಶೋಧಕರು ಹಾಕಿದ ಲೆಕ್ಕದಲ್ಲಿ, ಒಂದು ಕೆಜಿ ಇಳಿದರೆ ದೇಹದ ದಿನದ ಖರ್ಚು 20-30 ಕ್ಯಾಲೊರಿ ಕಡಿಮೆಯಾಗುತ್ತದೆ. ಅದೇ ಒಂದು ಕೆಜಿಗೆ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ನನ್ನ ಏಳು ಕೆಜಿಗೆ ಖರ್ಚು ಇನ್ನೂರರ ಹತ್ತಿರ ಇಳಿದಿತ್ತು, ಹಸಿವು ಏಳುನೂರರಷ್ಟು ಏರಿತ್ತು. ಶುರುವಿನಲ್ಲಿ ನಾನು ದಿನಕ್ಕೆ ಐನೂರು ಕ್ಯಾಲೊರಿ ಕಡಿಮೆ ಮಾಡಿದ್ದೆ. ಅದರಲ್ಲಿ ಇನ್ನೂರು ಹೀಗೆ ಕರಗಿತು. ಉಳಿದ ಮುನ್ನೂರು ಎಲ್ಲಿ ಹೋಯಿತು? 'ನಾನು ಮೊದಲಿನ ಹಾಗೇ ತಿನ್ನುತ್ತಿದ್ದೇನೆ' ಅಂತ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡುತ್ತಿದ್ದೆ.

ಲೆಕ್ಕ ಬರೆಯುವುದು: ಆ್ಯಪ್, ನೋಟ್‌ಬುಕ್, ಇಲ್ಲ ಎಣ್ಣೆ ಪ್ಯಾಕೆಟ್

1992ರಲ್ಲಿ ಅಮೆರಿಕದಲ್ಲಿ, 'ಎಷ್ಟು ಕಡಿಮೆ ತಿಂದರೂ ತೂಕ ಇಳಿಯಲ್ಲ' ಅನ್ನುತ್ತಿದ್ದ ಹತ್ತು ಜನರ ಊಟವನ್ನು ವಿಜ್ಞಾನಿಗಳು ಕೂಲಂಕಷವಾಗಿ ಅಳೆದರು. ತಿಂದದ್ದನ್ನು ಅವರು ಸರಾಸರಿ 47 ಪರ್ಸೆಂಟ್ ಕಡಿಮೆ ಹೇಳಿದ್ದರು, ಓಡಾಟವನ್ನು 51 ಪರ್ಸೆಂಟ್ ಜಾಸ್ತಿ ಹೇಳಿದ್ದರು. ಯಾರೂ ಬೇಕಂತ ಸುಳ್ಳು ಹೇಳಿರಲಿಕ್ಕಿಲ್ಲ. ನಾನೂ ಹೇಳಿರಲಿಲ್ಲ.

ಮೊಬೈಲ್ ಆ್ಯಪ್ ಹಾಕಿಕೊಂಡೆ. ನಾಲ್ಕು ದಿನಕ್ಕೆ ಸಾಕಾಯಿತು. 'ಅಕ್ಕಿ ರೊಟ್ಟಿ, ಒಂದು' ಅಂತ ಹಾಕಿದರೆ ಅದು ಒಂದು ಅಂಕಿ ಕೊಡುತ್ತದೆ. ಯಾವ ಅಕ್ಕಿ ರೊಟ್ಟಿ? ಹಿಟ್ಟು ಬೇಯಿಸಿ ನಾದಿ, ಲಟ್ಟಿಸಿ, ಕೆಂಡದ ಮೇಲೆ ಉಬ್ಬಿಸುವ ನಮ್ಮ ಮಲೆನಾಡಿನ ರೊಟ್ಟಿಗೆ ಎಣ್ಣೆಯೇ ಬೇಡ. ಈರುಳ್ಳಿ, ಕಾಯಿತುರಿ ಹಾಕಿ ಕಾವಲಿ ಮೇಲೆ ತಟ್ಟುವ ರೊಟ್ಟಿಗೆ ಸುತ್ತಲೂ ಎರಡು ಚಮಚ ಎಣ್ಣೆ ಬೀಳುತ್ತದೆ. ಒಂದು ಟೀ ಚಮಚ ಎಣ್ಣೆ ಅಂದರೆ ಸುಮಾರು 45 ಕ್ಯಾಲೊರಿ. ಹೆಸರು ಒಂದೇ, ಲೆಕ್ಕ ಬೇರೆ. ಹೋಟೆಲ್ ಊಟ, ಪ್ಯಾಕೆಟ್ ತಿಂಡಿ ಜಾಸ್ತಿ ತಿನ್ನುವ ಆಫೀಸಿನವರಿಗೆ ಆ್ಯಪ್ ಪರವಾಗಿಲ್ಲ. ಮನೆಯಲ್ಲಿ ಒಂದೇ ಪಾತ್ರೆಯಿಂದ ಮೂರು ಜನ ಉಣ್ಣುವ ನಮ್ಮಂಥವರಿಗೆ ಅದು ರೇಜಿಗೆ.

ನೋಟ್‌ಬುಕ್ ಅದಕ್ಕಿಂತ ವಾಸಿ, ಬೇಯಿಸುವ ಮೊದಲೇ ತೂಗುವ ಅಭ್ಯಾಸ ಇದ್ದರೆ. ಅಕ್ಕಿ ಇಷ್ಟು, ಬೇಳೆ ಇಷ್ಟು, ಮೂರರಲ್ಲಿ ಒಂದು ಪಾಲು ನನ್ನದು. ಎರಡು ವಾರ ಬರೆದರೆ ಸಾಕು, ಜೀವನ ಪೂರ್ತಿ ಬೇಕಾಗಿಲ್ಲ.

ಆದರೆ ನನ್ನ ಕಳ್ಳ ಸಿಕ್ಕಿದ್ದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ. ಗ್ಯಾಸ್ ಸಿಲಿಂಡರ್ ಹಾಕಿದ ದಿನ, ಎಣ್ಣೆ ಪ್ಯಾಕೆಟ್ ಒಡೆದ ದಿನ, ಎರಡನ್ನೂ ಬರೆದಿಡುವುದು ನನ್ನ ಹೆಂಡತಿಯ ರೂಢಿ. ಗ್ಯಾಸಿಗೆ 'ಗ್ಯಾ', ಎಣ್ಣೆಗೆ 'ಎ'. ಮಾರ್ಚ್ ತಿಂಗಳ ಹಾಳೆಯಲ್ಲಿ ಎರಡು 'ಎ'ಗಳ ನಡುವೆ ಹದಿನಾಲ್ಕು ದಿನ ಇತ್ತು. ಜುಲೈನಲ್ಲಿ ಒಂಬತ್ತು. ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಗ್ರಾಮಿಗೆ ಒಂಬತ್ತು ಕ್ಯಾಲೊರಿ. ಅಂದರೆ ಪ್ಯಾಕೆಟ್ಟಿಗೆ 8,200ರ ಹತ್ತಿರ. ಮೂರು ಜನಕ್ಕೆ ಹದಿನಾಲ್ಕು ದಿನ ಬಂದರೆ ಒಬ್ಬೊಬ್ಬರಿಗೆ ದಿನಕ್ಕೆ 195. ಒಂಬತ್ತೇ ದಿನ ಬಂದರೆ 303. ಮಳೆಗೆ ಸಂಜೆ ಬಜ್ಜಿ, ಊಟಕ್ಕೆ ಕರಿದ ಹಪ್ಪಳ, ವಾರಕ್ಕೆರಡು ಸಲ ಪೂರಿ. ಅಲ್ಲಿಗೆ ನೂರು ಕ್ಯಾಲೊರಿ ಸಿಕ್ಕಿತು.

ಇನ್ನಿನ್ನೂರು ಅಂಗಡಿಯಲ್ಲೇ ಇತ್ತು. ದಿನಕ್ಕೆ ಮೂರು ಲೋಟ ಸಕ್ಕರೆ ಇಲ್ಲದ ಕಾಫಿ ಅಂತ ನಿಯಮ ಮಾಡಿಕೊಂಡಿದ್ದೆ. ಚಳಿ ಗಾಳಿಗೆ ಅದು ಐದಾಗಿತ್ತು. ಮೇಲಿನ ಎರಡು ಲೋಟ ಗಿರಾಕಿಗಳ ಜೊತೆ ಕುಡಿದದ್ದು, ಅವರಿಗೆ ಹಾಕಿದ ಸಕ್ಕರೆಯೇ ನನಗೂ. ನೂರು ಮಿಲಿ ಹಾಲು, ಎರಡು ಚಮಚ ಸಕ್ಕರೆ ಸೇರಿದರೆ ಲೋಟಕ್ಕೆ ನೂರು ಕ್ಯಾಲೊರಿ ದಾಟುತ್ತದೆ. ಕಾಫಿಪುಡಿ ಮಾರುವವನ ಬಾಯಿಗೆ ಕಾಫಿ ಲೆಕ್ಕಕ್ಕೇ ಇರಲ್ಲ ನೋಡಿ.

ನನ್ನ ಮಟ್ಟಿಗೆ ಇದೇ ಮೊದಲ ದಾರಿ. ಉಳಿದ ಯಾವುದಕ್ಕೆ ಕೈ ಹಾಕುವ ಮೊದಲೂ ಎರಡು ವಾರ ಇದನ್ನು ಮಾಡಿ. ಎಣ್ಣೆ ಪ್ಯಾಕೆಟ್ ಮೇಲೆ ತಾರೀಕು ಬರೆಯಲು ಒಂದು ಪೆನ್ನು ಸಾಕು.

ಒಂದು ಹಿಡಿ ಅಕ್ಕಿಯಾ, ನಾಲ್ಕು ಕಿಲೋಮೀಟರಾ?

ಲೆಕ್ಕ ಸರಿ ಇದೆ, ಆದರೂ ನಿಂತಿದೆ ಅಂದರೆ ಎರಡು ಹಳೆಯ ದಾರಿ: ಇನ್ನಷ್ಟು ಕಡಿಮೆ ತಿನ್ನುವುದು, ಇಲ್ಲ ಇನ್ನಷ್ಟು ನಡೆಯುವುದು. ಎರಡನ್ನೂ ಇನ್ನೂರು ಕ್ಯಾಲೊರಿಗೆ ಹಿಡಿದು ನೋಡೋಣ. ಊಟದಲ್ಲಿ ಅದು 56 ಗ್ರಾಂ ಹಸಿ ಅಕ್ಕಿ, ದೊಡ್ಡ ಕೈಯ ಒಂದು ಹಿಡಿಗೆ ಸ್ವಲ್ಪ ಜಾಸ್ತಿ. ನಡಿಗೆಯಲ್ಲಿ ನನ್ನ ತೂಕದವನಿಗೆ ಕಿಲೋಮೀಟರಿಗೆ 50-60 ಕ್ಯಾಲೊರಿ ಅಂದರೂ ನಾಲ್ಕು ಕಿಲೋಮೀಟರ್, ಮುಕ್ಕಾಲು ಗಂಟೆ. ತುಪ್ಪ ಹಾಕಿದ ಒಂದು ಕಾಯಿ ಹೋಳಿಗೆ ತಿಂದರೆ ಅಷ್ಟೂ ವಾಪಸ್.

ಲೆಕ್ಕದಲ್ಲಿ ಊಟ ಕಡಿಮೆ ಮಾಡುವುದೇ ಸುಲಭ. ಆದರೆ ಅದಕ್ಕೊಂದು ತಳ ಇದೆ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ದಿನಕ್ಕೆ ಸುಮಾರು 1,570 ಕ್ಯಾಲೊರಿ. ಹತ್ತಿರ ಹತ್ತಿರ ಕಾಲು ಭಾಗ ತೂಕ ಇಳಿಯಿತು, ನಿಜ. ಜೊತೆಗೆ ಸದಾ ಚಳಿ, ಸಿಡುಕು, ಹಗಲೂ ರಾತ್ರಿ ಊಟದ್ದೇ ಧ್ಯಾನ. ಈಗಾಗಲೇ ಕಡಿಮೆ ತಿನ್ನುತ್ತಿರುವವರು ಇನ್ನೂ ಕತ್ತರಿಸಿದರೆ ಇದೇ ಗತಿ. ಡಾಕ್ಟರ್ ಹೇಳದೆ 1,200ಕ್ಕಿಂತ ಕೆಳಗೆ ಇಳಿಯುವ ಯೋಚನೆ ಬೇಡವೇ ಬೇಡ. ತೀರಾ ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ. ಪಕ್ಕದ ಅಂಗಡಿಯವರ ಮಾತು ಕೇಳಿ ನಾನು ಒಂಬತ್ತು ದಿನ ರಾತ್ರಿ ಊಟ ಬಿಟ್ಟೆ. ಹತ್ತನೇ ದಿನ ಹತ್ತೂವರೆಗೆ, ಲೈಟ್ ಹಾಕದೆ, ನಿಂತುಕೊಂಡೇ ಒಂದು ಡಬ್ಬಿ ಖಾರ ಅವಲಕ್ಕಿ ಖಾಲಿ ಮಾಡಿದ್ದೆ.

ನಡಿಗೆಯ ಗುಣ ಬೇರೆ. ತೂಕ ಇಳಿಸುವುದರಲ್ಲಿ ನಿಧಾನ, ಇಳಿದದ್ದನ್ನು ಉಳಿಸುವುದರಲ್ಲಿ ಗಟ್ಟಿ. ಅಮೆರಿಕದಲ್ಲಿ 13 ಕೆಜಿಗಿಂತ ಜಾಸ್ತಿ ಇಳಿಸಿ ವರ್ಷಕ್ಕೂ ಮೀರಿ ಹಾಗೇ ಇಟ್ಟುಕೊಂಡವರ ಒಂದು ಪಟ್ಟಿಯನ್ನು 1994ರಿಂದ ಇಟ್ಟಿದ್ದಾರೆ. ಅದರಲ್ಲಿರುವವರು ಸರಾಸರಿ ದಿನಕ್ಕೆ ಒಂದು ಗಂಟೆಯ ಹತ್ತಿರ ಮೈ ಬಗ್ಗಿಸುವವರು. ಹತ್ತು ಸಾವಿರ ಹೆಜ್ಜೆ ಆಗಲೇಬೇಕು ಅಂತ ಒದ್ದಾಡಬೇಡಿ. ಆ ಅಂಕಿ 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಬಂದ ಹೆಸರು, ಡಾಕ್ಟರ್ ಚೀಟಿ ಅಲ್ಲ.

ಆದರೆ ನಮ್ಮೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುವುದು ಎಲ್ಲಿ? ಬೇಸಿಗೆಯಲ್ಲಿ ರತ್ನಗಿರಿ ಬೋರೆ ಹತ್ತಿ ಇಳಿಯುತ್ತಿದ್ದೆ, ಇಲ್ಲ ಜಿಲ್ಲಾ ಆಟದ ಮೈದಾನದಲ್ಲಿ ಸುತ್ತು ಹಾಕುತ್ತಿದ್ದೆ. ಮಳೆ ಹಿಡಿದ ಮೇಲೆ ಕೊಡೆ ಹಿಡಿದು ನಡೆದರೆ ಗಾಳಿ ಕೊಡೆಯನ್ನೇ ತಿರುಗಿಸುತ್ತದೆ. ಒದ್ದೆ ಶೂ ಎರಡು ದಿನವಾದರೂ ಒಣಗಲ್ಲ. ಜೂನ್‌ನಲ್ಲಿ ನನ್ನ ತೂಕ ನಿಂತದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಹಾಸನದ ನನ್ನ ಭಾವ ಮಹಾರಾಜ ಪಾರ್ಕಿನಲ್ಲಿ ಹೆಚ್ಚುಕಡಿಮೆ ವರ್ಷಪೂರ್ತಿ ನಡೆಯುತ್ತಾರೆ, ಅಲ್ಲಿ ಮಳೆ ಇಲ್ಲಿನಷ್ಟಿಲ್ಲ. ನಡಿಗೆಯನ್ನೇ ನಂಬುವವರು ಮಳೆಗಾಲಕ್ಕೆ ಬೇರೆ ಏರ್ಪಾಡು ಇಟ್ಟುಕೊಳ್ಳಬೇಕು. ನಾನು ಅಂಗಡಿಯ ಅಟ್ಟದ ಮೆಟ್ಟಿಲು ಹಿಡಿದೆ. ಹದಿನಾಲ್ಕು ಮೆಟ್ಟಿಲು, ಗಿರಾಕಿ ಇಲ್ಲದಾಗ ಹತ್ತು ಸಲ. ಕೆಲಸದ ಹುಡುಗನಿಗೆ ಮೊದಮೊದಲು ಭಯ ಆಗಿತ್ತು.

ನನಗೆ ಹೊಂದಿದ್ದು ಎರಡರ ಅರ್ಧರ್ಧ. ಅರ್ಧ ಹಿಡಿ ಅಕ್ಕಿ ಕಡಿಮೆ, ಇಪ್ಪತ್ತು ನಿಮಿಷ ಓಡಾಟ ಜಾಸ್ತಿ. ಮಂಡಿ ನೋವಿರುವವರು ಅಕ್ಕಿಯ ಕಡೆ ವಾಲಲಿ. ಊಟ ಕಡಿಮೆಯಾದರೆ ಸಿಡುಕುವವರು ನಡಿಗೆಯ ಕಡೆ ವಾಲಲಿ.

ಮುದ್ದೆ, ಕೀಟೋ, ಹೊತ್ತು ನೋಡಿ ಉಣ್ಣುವುದು

ಇವನ್ನು ಬೇಗ ಮುಗಿಸುತ್ತೇನೆ. ಮುದ್ದೆ ತಿಂದರೆ ತೂಕ ಇಳಿಯುತ್ತದೆ ಅನ್ನುವುದು ಅರ್ಧ ನಿಜ. ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 356. ದೊಡ್ಡ ವ್ಯತ್ಯಾಸ ಏನಿಲ್ಲ. ನಾರು ಮಾತ್ರ ರಾಗಿಯಲ್ಲಿ 11 ಗ್ರಾಂ, ಬಿಳಿ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಅದೇ ಲಾಭ. ಆದರೆ ಅತ್ತಿಗೆ ಕಟ್ಟುವ ಮುದ್ದೆ ತೆಂಗಿನಕಾಯಿ ಗಾತ್ರದ್ದು, ಮೇಲೆ ಕೋಳಿ ಸಾರು. ನುಂಗುವ ಊಟ ಬೇರೆ, ಎಷ್ಟು ಹೋಯಿತು ಅಂತ ಗೊತ್ತೇ ಆಗಲ್ಲ.

ಅನ್ನ-ರೊಟ್ಟಿ ಕಡಿಮೆ ಮಾಡುವ ದಾರಿಗೂ ಕೊಬ್ಬು ಕಡಿಮೆ ಮಾಡುವ ದಾರಿಗೂ ಹೋಲಿಕೆ 2018ರಲ್ಲಿ ಬಂದಿದೆ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಿಂದ. 609 ಜನ, ಒಂದು ವರ್ಷ. ಹಿಟ್ಟಿನ ಪದಾರ್ಥ ಕಡಿಮೆ ಮಾಡಿದವರು 6 ಕೆಜಿ, ಕೊಬ್ಬು ಕಡಿಮೆ ಮಾಡಿದವರು 5.3 ಕೆಜಿ ಇಳಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಅಲ್ಲ. ಕೀಟೋ, ಅಂದರೆ ಅನ್ನ-ರೊಟ್ಟಿ ಹತ್ತಿರ ಹತ್ತಿರ ಪೂರ್ತಿ ಬಿಟ್ಟು ಕೊಬ್ಬಿನ ಪದಾರ್ಥ ಜಾಸ್ತಿ ತಿನ್ನುವ ದಾರಿ, ಹಿಡಿದವರಿಗೆ ಮೊದಲ ವಾರ ಎರಡು-ಮೂರು ಕೆಜಿ ಇಳಿದು 'ಪ್ಲಾಟೋ ಒಡೀತು' ಅನಿಸುತ್ತದೆ. ಅದು ಮೇಲೆ ಹೇಳಿದ ಮಾಯಿಶ್ಚರ್. ಕಡುಬು ತಿಂದ ದಿನ ವಾಪಸ್ ಬರುತ್ತದೆ.

ದಿನದ ಊಟವನ್ನೆಲ್ಲ ಎಂಟು ಗಂಟೆಯ ಅವಧಿಯೊಳಗೆ ಉಂಡು, ಉಳಿದ ಹದಿನಾರು ಗಂಟೆ ಬಿಡುವುದು ಈಗ ಜೋರು. ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನಡೆಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಎರಡೂ ಗುಂಪಿಗೆ ಒಂದೇ ಪ್ರಮಾಣದ ಊಟ, ಒಂದು ಗುಂಪಿಗೆ ಮಾತ್ರ ಹೊತ್ತಿನ ಕಟ್ಟು. ಹೊತ್ತು ಕಟ್ಟಿದವರಿಗೆ ಬೇರೆ ಲಾಭ ಏನೂ ಕಾಣಲಿಲ್ಲ. ರಾತ್ರಿ ಟಿವಿ ಮುಂದೆ ಕೂತು ಮೆಲ್ಲುವವರಿಗೆ ಈ ಕಟ್ಟು ಬೇಲಿಯ ಹಾಗೆ ಕೆಲಸ ಮಾಡುತ್ತದೆ. ನಾನು ಅಂಗಡಿ ಮುಚ್ಚಿ ಉಣ್ಣುವುದೇ ಒಂಬತ್ತಕ್ಕೆ, ನನಗೆ ಆಗಲಿಲ್ಲ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಲೇಬಾರದು, ಶುಗರ್ ತೀರಾ ಇಳಿದು ತಲೆ ಸುತ್ತಿ ಬಿದ್ದಾರು. ಏಕಾದಶಿ ಅಂತ ಅನ್ನ ಬಿಟ್ಟು ಎರಡು ಪ್ಲೇಟ್ ಉಪ್ಪಿಟ್ಟು ತಿನ್ನುವ ಉಪವಾಸದ ಬಗ್ಗೆ ಹೇಳುವುದು ಬೇಡ ಅಲ್ವಾ.

ಇನ್ನು ಡಬ್ಬಿ ಪುಡಿ. ಪರಿಚಯದವರೊಬ್ಬರು ತಂದುಕೊಟ್ಟರು, ನಾನು 4,500 ರೂಪಾಯಿ ಕೊಟ್ಟೆ. ಬೆಳಗ್ಗೆ ತಿಂಡಿ ಬದಲು ಅದನ್ನು ಕುಡಿಯಬೇಕಂತೆ. ತಿಂಡಿ ಬಿಟ್ಟರೆ ಪುಡಿ ಇಲ್ಲದೆಯೂ ಅಷ್ಟೇ ಇಳಿಯುತ್ತದೆ ಅಂತ ಆಮೇಲೆ ಹೊಳೆಯಿತು.

ಬಸ್ಕಿ, ದಂಡ, ಹುರುಳಿ

ಜಿಮ್ ಹುಡುಗನ ಮಾತಿಗೆ ನಾನು ಮೊದಲು ಬೆಲೆ ಕೊಡಲಿಲ್ಲ. ಈಗ ಅನಿಸುತ್ತದೆ, ಲೆಕ್ಕ ಸರಿಪಡಿಸಿಕೊಂಡ ಮೇಲೆ ಎರಡನೇ ಜಾಗ ಇದಕ್ಕೇ.

ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಒಂದಷ್ಟು ಕರಗುತ್ತದೆ. ನಲವತ್ತು ದಾಟಿದವರಿಗೆ ಹೋದ ಸ್ನಾಯು ಸುಲಭವಾಗಿ ವಾಪಸ್ ಬರಲ್ಲ. ಭಾರ ಎತ್ತುವ ವ್ಯಾಯಾಮ ಆ ನಷ್ಟವನ್ನು ತಡೆಯುತ್ತದೆ. ತಕ್ಕಡಿಯಲ್ಲಿ ಇದರ ಫಲ ಬೇಗ ಕಾಣುವುದಿಲ್ಲ, ಮೊದಲೆರಡು ವಾರ ಏರಲೂಬಹುದು. ಟೇಪಿನಲ್ಲಿ ಕಾಣುತ್ತದೆ. ತಕ್ಕಡಿ ನೋಡಿ ಮನಸ್ಸು ಕೆಡಿಸಿಕೊಳ್ಳುವವರಿಗೆ ಈ ದಾರಿ ಕಷ್ಟ.

ಜಿಮ್ಮಿಗೆ ಎರಡು ತಿಂಗಳು ಹೋದೆ. ಹೇಳಿಕೊಡುವವರು ಇರುತ್ತಾರೆ, ಮಳೆಯ ತೊಂದರೆ ಇಲ್ಲ. ಆದರೆ ನನ್ನ ವಯಸ್ಸಿನವರು ಕಡಿಮೆ, ಹಾಡು ಜೋರು, ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಅದೂ. ಆಮೇಲೆ ಮನೆಯಲ್ಲೇ ಬಸ್ಕಿ, ಗೋಡೆಗೆ ಕೈ ಕೊಟ್ಟು ದಂಡ, ಎರಡು ಚೀಲದಲ್ಲಿ ಐದೈದು ಕೆಜಿ ಬೀಜ ತುಂಬಿ ಎತ್ತುವುದು. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ದಂಡ ಸರಿಯಾಗಿ ಬರಲು ನನಗೆ ಆರು ವಾರ ಬೇಕಾಯಿತು. ಹಿಂದೆಂದೂ ವ್ಯಾಯಾಮ ಮಾಡದವರು, ಬೆನ್ನು ನೋವಿರುವವರು ಮೊದಲ ತಿಂಗಳಾದರೂ ಹೇಳಿಕೊಡುವವರ ಹತ್ತಿರ ಹೋಗುವುದು ವಾಸಿ. ಬಿಪಿ, ಎದೆಯ ತೊಂದರೆ ಇರುವವರು ಡಾಕ್ಟರ್ ಹತ್ತಿರ ಕೇಳಿ ಶುರು ಮಾಡಲಿ.

ಇದರ ಜೋಡಿ ಪ್ರೋಟೀನ್. ನಮ್ಮ ದೇಶದ ಶಿಫಾರಸು ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ. ನನಗೆ 65 ಗ್ರಾಂ ಬೇಕು. ತೂಕ ಇಳಿಸುವಾಗ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಒಳ್ಳೆಯದು. ಅನ್ನ, ತಿಳಿಸಾರು, ಪಲ್ಯದ ನನ್ನ ಊಟದಲ್ಲಿ ಅದರ ಅರ್ಧವೂ ಇರಲಿಲ್ಲ. ಪುಡಿ ಡಬ್ಬಿ ಬೇಕಾಗಲಿಲ್ಲ. ಎರಡು ಮೊಟ್ಟೆಯಲ್ಲಿ 12 ಗ್ರಾಂ. ಐವತ್ತು ಗ್ರಾಂ ಹುರುಳಿಯಲ್ಲಿ 11 ಗ್ರಾಂ ಹತ್ತಿರ, ಆದರೆ ಕಟ್ಟು ಮಾತ್ರ ಕುಡಿದು ಕಾಳು ಬಿಟ್ಟರೆ ಸಿಗಲ್ಲ. ಮೊಳಕೆ ಹೆಸರುಕಾಳು, ಮೊಸರು, ವಾರಕ್ಕೆರಡು ದಿನ ಬಂಗುಡೆ. ಇಷ್ಟು ತಿಂದರೆ ರಾತ್ರಿ ಹತ್ತೂವರೆಯ ಡಬ್ಬಿಯ ನೆನಪೇ ಬರಲ್ಲ. ಕಿಡ್ನಿ ತೊಂದರೆ ಇರುವವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ಕೇಳಿಯೇ ತಿನ್ನಬೇಕು.

ನಿದ್ದೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 2010ರ ಒಂದು ಸಣ್ಣ ಪ್ರಯೋಗದಲ್ಲಿ ಒಂದೇ ಊಟ ಕೊಟ್ಟು ಹತ್ತು ಜನರನ್ನು ಒಮ್ಮೆ ಎಂಟೂವರೆ ಗಂಟೆ, ಇನ್ನೊಮ್ಮೆ ಐದೂವರೆ ಗಂಟೆ ಹಾಸಿಗೆಯಲ್ಲಿ ಇರಿಸಿದರು. ತೂಕ ಹೆಚ್ಚುಕಡಿಮೆ ಒಂದೇ ಇಳಿಯಿತು. ಆದರೆ ನಿದ್ದೆಗೆಟ್ಟಾಗ ಅದರಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಕಡಿಮೆಯಾಯಿತು, ಉಳಿದದ್ದು ಹೋದದ್ದು ಸ್ನಾಯುವಿನಂಥ ಕಡೆಯಿಂದ.

ವಿರಾಮ

ಇದು ಕೇಳಲು ವಿಚಿತ್ರ. ತೂಕ ನಿಂತಾಗ ಎರಡು ವಾರ ಹೊಟ್ಟೆ ತುಂಬ ತಿನ್ನುವುದು. ಆಸ್ಟ್ರೇಲಿಯಾದಲ್ಲಿ 51 ಗಂಡಸರ ಮೇಲೆ ನಡೆದ ಪ್ರಯೋಗ ಒಂದಿದೆ. ಒಂದು ಗುಂಪು ಸತತ 16 ವಾರ ಊಟ ಕಡಿಮೆ ಮಾಡಿತು. ಇನ್ನೊಂದು ಗುಂಪು ಎರಡು ವಾರ ಕಡಿಮೆ, ಎರಡು ವಾರ ತೂಕ ಹಾಗೇ ನಿಲ್ಲುವಷ್ಟು ಊಟ, ಹೀಗೆ 30 ವಾರ ನಡೆಸಿತು. ಬಿಟ್ಟು ಬಿಟ್ಟು ಮಾಡಿದವರು ಸುಮಾರು 14 ಕೆಜಿ, ಸತತ ಮಾಡಿದವರು 9 ಕೆಜಿ ಇಳಿದರು. ಆದರೆ ಕಾಲ ಹತ್ತಿರ ಹತ್ತಿರ ಎರಡರಷ್ಟು ಹಿಡಿಯಿತು, ಮತ್ತು ಆಮೇಲೆ ಬಂದ ಎಲ್ಲ ಪ್ರಯೋಗಗಳಲ್ಲೂ ಈ ಲಾಭ ಕಂಡಿಲ್ಲ.

ವಿರಾಮ ಅಂದರೆ ಹಬ್ಬ ಅಲ್ಲ. ತೂಕ ಏರದೆ, ಇಳಿಯದೆ ನಿಲ್ಲುವಷ್ಟು ಊಟ. ಆರು ತಿಂಗಳಿಂದ ಹಲ್ಲು ಕಚ್ಚಿ ಹಿಡಿದು ಸುಸ್ತಾದವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಒಂದು ದಿನ ಬಿಟ್ಟರೆ ಹಳಿ ತಪ್ಪುವ ಸ್ವಭಾವದವರಿಗೆ ಬೇಡ. ನನಗೆ ಗಣೇಶನ ಹಬ್ಬದ ಎರಡು ವಾರ ತಾನಾಗಿಯೇ ವಿರಾಮ ಆಯಿತು. ಕಡುಬು ತಿಂದೆ, ಲೆಕ್ಕ ಇಟ್ಟು ತಿಂದೆ.

ಡಾಕ್ಟರ್ ಹತ್ತಿರ ಹೋಗುವುದು ಯಾವಾಗ?

ಲೆಕ್ಕ ಸರಿ, ಓಡಾಟ ಸರಿ, ಮೂರು ತಿಂಗಳು ಕಳೆದರೂ ತೂಕವೂ ಇಲ್ಲ, ಟೇಪೂ ಇಲ್ಲ ಅಂದರೆ ಹೋಗಿ. ಕಾರಣವಿಲ್ಲದ ಸುಸ್ತು, ತಡೆಯಲಾಗದ ಚಳಿ, ಮಲಬದ್ಧತೆ, ಮುಟ್ಟಿನ ಏರುಪೇರು ಜೊತೆಗಿದ್ದರೆ ಅಷ್ಟು ದಿನವೂ ಕಾಯಬೇಡಿ. ಥೈರಾಯ್ಡ್‌ಗೆ ಟಿಎಸ್‌ಎಚ್ ಪರೀಕ್ಷೆ ಮಾಡಿಸುತ್ತಾರೆ. ಹೆಣ್ಣುಮಕ್ಕಳಿಗೆ ಪಿಸಿಒಎಸ್, ಅಂದರೆ ಅಂಡಾಶಯ-ಹಾರ್ಮೋನಿನ ಏರುಪೇರು, ಇದೆಯೇ ನೋಡುತ್ತಾರೆ. ಸ್ಟೀರಾಯ್ಡ್, ಇನ್ಸುಲಿನ್, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆಗಳು ತೂಕ ಏರಿಸುತ್ತವೆ. ಹಾಗಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಥೈರಾಯ್ಡ್ ಮೇಲೆ ಎಲ್ಲ ಭಾರ ಹೊರಿಸುವುದೂ ಸರಿಯಲ್ಲ. ಅದರಿಂದ ಏರುವುದು ಸಾಮಾನ್ಯವಾಗಿ ಎರಡರಿಂದ ಐದು ಕೆಜಿ, ಅದರಲ್ಲೂ ಬಹುಪಾಲು ಉಪ್ಪು-ನೀರು. ನನ್ನ ರಿಪೋರ್ಟ್ ನಾರ್ಮಲ್ ಬಂತು. ಬಜ್ಜಿಗೆ ಬೇರೆ ನೆಪ ಉಳಿಯಲಿಲ್ಲ.

ಇಂಜೆಕ್ಷನ್ ವಿಷಯ ಈಗ ಅಂಗಡಿಗೆ ಬರುವವರೆಲ್ಲ ಕೇಳುತ್ತಾರೆ. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೊವಿ ಜೂನ್‌ನಲ್ಲಿ ನಮ್ಮ ದೇಶಕ್ಕೆ ಬಂದವು. ಹಸಿವನ್ನೇ ತಗ್ಗಿಸುವ ಔಷಧಗಳಿವು. ಮೌಂಜಾರೊದ ದೊಡ್ಡ ಪ್ರಯೋಗದಲ್ಲಿ 72 ವಾರಕ್ಕೆ, ಡೋಸ್ ನೋಡಿಕೊಂಡು, ಸರಾಸರಿ 15ರಿಂದ 21 ಪರ್ಸೆಂಟ್ ತೂಕ ಇಳಿದಿತ್ತು. ಉಳಿದ ಯಾವ ದಾರಿಯೂ ಇದರ ಹತ್ತಿರ ಬರಲ್ಲ. ಆದರೆ ಅಲ್ಲೂ ತೂಕ ಒಂದು ಕಡೆ ನಿಲ್ಲುತ್ತದೆ. ನಿಲ್ಲಿಸಿದವರಿಗೆ ಒಂದು ವರ್ಷದಲ್ಲಿ ಸುಮಾರು 14 ಪರ್ಸೆಂಟ್ ತೂಕ ವಾಪಸ್ ಬಂದದ್ದೂ ಪ್ರಯೋಗದಲ್ಲಿ ಕಂಡಿದೆ. ವಾಕರಿಕೆ, ಭೇದಿ, ಮಲಬದ್ಧತೆ ಮಾಮೂಲಿ ತೊಂದರೆಗಳು. ಬೊಜ್ಜು ಜಾಸ್ತಿ ಇದ್ದು ಶುಗರ್, ಬಿಪಿ ಸೇರಿಕೊಂಡವರಿಗೆ ಡಾಕ್ಟರ್ ಹೇಳಿದರೆ ನಾಚಿಕೆ ಪಡಬೇಕಾಗಿಲ್ಲ. ಮಗಳ ಮದುವೆಗೆ ನಾಲ್ಕು ಕೆಜಿ ಇಳಿಸಲು ಇದು ಬೇಡ.

ಇಲ್ಲೇ ನಿಲ್ಲುವುದೂ ಒಂದು ದಾರಿ

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಅಮ್ಮ ಹೇಳಿದ್ದರು ಅನ್ನಿ, ಅವರ ಕಾರಣ ಬೇರೆ.

2002ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಶುಗರ್ ಅಂಚಿನಲ್ಲಿದ್ದವರಿಗೆ ತೂಕದ 7 ಪರ್ಸೆಂಟ್ ಇಳಿಸುವ, ವಾರಕ್ಕೆ 150 ನಿಮಿಷ ಓಡಾಡುವ ಗುರಿ ಕೊಟ್ಟಿದ್ದರು. ಡಯಾಬಿಟಿಸ್ ಬರುವ ಸಾಧ್ಯತೆ 58 ಪರ್ಸೆಂಟ್ ಕಡಿಮೆಯಾಯಿತು. 86ಕ್ಕೆ 7 ಪರ್ಸೆಂಟ್ ಅಂದರೆ ಆರು ಕೆಜಿ. ನಾನು ನಿಂತದ್ದು ಏಳು ಇಳಿದ ಮೇಲೆ! ಇನ್ನೊಂದು ನಮ್ಮ ಪಕ್ಕದ್ದೇ, 2006ರಲ್ಲಿ ಬಂದ ಚೆನ್ನೈನ ಅಧ್ಯಯನ. ಅಲ್ಲಿ ಊಟ, ಓಡಾಟ ಬದಲಾಯಿಸಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ. ಆದರೂ ಡಯಾಬಿಟಿಸ್ ಬರುವುದು 28.5 ಪರ್ಸೆಂಟ್ ಕಡಿಮೆಯಾಗಿತ್ತು.

ಇಳಿದ ತೂಕವನ್ನು ಆರು ತಿಂಗಳು ಹಾಗೇ ಹಿಡಿದಿಟ್ಟು, ಆಮೇಲೆ ಬೇಕಾದರೆ ಮುಂದುವರಿಯಬಹುದು. ಮನೆಯಲ್ಲಿ ಮಕ್ಕಳ ಪರೀಕ್ಷೆ, ಕಾಯಿಲೆಯವರು, ತೋಟದಲ್ಲಿ ಹಣ್ಣು ಕೊಯ್ಲು ಇರುವಾಗ ಇದೇ ಬುದ್ಧಿವಂತಿಕೆ. ಕೊಯ್ಲಿನ ಮೂರು ತಿಂಗಳು ಡಯಟ್ ಅಂತ ಕೂತ ಬೆಳೆಗಾರರನ್ನು ನಾನಂತೂ ನೋಡಿಲ್ಲ.

ನಾನು ಎಣ್ಣೆ ಹಳೆಯ ಲೆಕ್ಕಕ್ಕೆ ತಂದು, ಸಕ್ಕರೆ ಕಾಫಿ ಬಿಟ್ಟು, ಬಸ್ಕಿ ಹಿಡಿದ ಮೇಲೆ ತೂಕ ನಿಧಾನಕ್ಕೆ 76ಕ್ಕೆ ಬಂತು. ಟೇಪು 92. ಡಾಕ್ಟರ್ ರಿಪೋರ್ಟ್ ನೋಡಿ 'ಸದ್ಯಕ್ಕೆ ಹೀಗೇ ಇಟ್ಕೊಳ್ಳಿ' ಅಂದರು. ಯುಗಾದಿವರೆಗೆ ಇಳಿಸುವ ಮಾತಿಲ್ಲ. ಕ್ಯಾಲೆಂಡರಿನಲ್ಲಿ ಕೊನೆಯ 'ಎ' ಇರುವುದು 3ನೇ ತಾರೀಕಿನಲ್ಲಿ. ಇವತ್ತು 15, ಪ್ಯಾಕೆಟ್ಟಿನಲ್ಲಿ ಇನ್ನೂ ಎರಡು ಬೆರಳು ಎಣ್ಣೆ ಇದೆ.